ಆನ್ ಸಲಿವನ್

ಆನ್ ಸಲಿವನ್ (ಏಪ್ರಿಲ್ 14, 1866 – ಅಕ್ಟೋಬರ್ 20, 1936) ಅಮೆರಿಕದ ಶಿಕ್ಷಕಿ. ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲರ್ ಅವರ ಗುರುವಾಗಿ ಪ್ರಸಿದ್ಧರು. ಕೆಲರ್ ಮತ್ತು ಹೊರಜಗತ್ತಿನ ನಡುವೆ ದೀರ್ಘಕಾಲ ದುಭಾಷಿಯಾಗಿಯೂ ದುಡಿದರು.

ಬಾಲ್ಯ ಮತ್ತು ಶಿಕ್ಷಣ

ಸಲಿವನ್ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಫೀಡಿಂಗ್ ಹಿಲ್ಸ್‌ನಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬದಲ್ಲಿ ಜನಿಸಿದರು. ಎಳವೆಯಲ್ಲಿಯೇ ಟ್ರಕೋಮಾ ರೋಗದಿಂದ ಅವರ ದೃಷ್ಟಿ ಬಹುಮಟ್ಟಿಗೆ ಕುಂದಿತು. ತಾಯಿಯ ಮರಣಾನಂತರ, 1876ರಲ್ಲಿ, ಅವರನ್ನೂ ತಮ್ಮನನ್ನೂ ಟ್ಯೂಕ್ಸ್‌ಬರಿಯ ನಿರ್ಗತಿಕರ ಆಶ್ರಯಧಾಮಕ್ಕೆ ಸೇರಿಸಲಾಯಿತು. ತಮ್ಮನು ಅಲ್ಲಿಯೇ ತೀರಿಕೊಂಡನು. 1880ರಲ್ಲಿ ಅವರು ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಗೆ ಸೇರಿದರು. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಸ್ವಲ್ಪಮಟ್ಟಿಗೆ ಮರಳಿತು. ಅಲ್ಲಿದ್ದ ಲಾರಾ ಬ್ರಿಜ್‌ಮನ್ ಎಂಬ ಕಿವುಡ-ಅಂಧ ಮಹಿಳೆಯ ಒಡನಾಟದಲ್ಲಿ ಬೆರಳುಗಳಿಂದ ಅಕ್ಷರ ಮೂಡಿಸುವ ವಿಧಾನವನ್ನು ಕಲಿತರು. 1886ರಲ್ಲಿ ಶಿಕ್ಷಣ ಮುಗಿಸಿದರು.

ಹೆಲೆನ್ ಕೆಲರ್ ಅವರ ಶಿಕ್ಷಕಿ

1887ರ ಮಾರ್ಚ್ 3ರಂದು ಅಲಬಾಮಾದ ಟಸ್ಕಂಬಿಯಾಕ್ಕೆ ಬಂದು, ಆರು ವರ್ಷದ ಹೆಲೆನ್‌ಗೆ ಪಾಠ ಆರಂಭಿಸಿದರು. ವಸ್ತುವನ್ನು ಮುಟ್ಟಿಸಿ, ಅದರ ಹೆಸರಿನ ಅಕ್ಷರಗಳನ್ನು ಅಂಗೈಯಲ್ಲಿ ಬರೆಯುತ್ತಿದ್ದರು. ಏಪ್ರಿಲ್ 5ರಂದು ಪಂಪಿನ ನೀರು ಒಂದು ಕೈಯ ಮೇಲೆ ಹರಿಯುತ್ತಿದ್ದಾಗ, ಇನ್ನೊಂದು ಕೈಯಲ್ಲಿ ಮೂಡಿದ ಅಕ್ಷರಗಳು ಆ ನೀರಿನ ಹೆಸರೆಂಬುದು ಬಾಲಕಿಗೆ ಹೊಳೆಯಿತು.

ದುಭಾಷಿಯಾಗಿ

1900ರಲ್ಲಿ ಕೆಲರ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಾಗ, ಸಲಿವನ್ ತರಗತಿಯಲ್ಲಿ ಪಕ್ಕದಲ್ಲಿ ಕುಳಿತು ಉಪನ್ಯಾಸಗಳನ್ನು ಅವರ ಅಂಗೈಗೆ ತಲುಪಿಸುತ್ತಿದ್ದರು. ಬ್ರೈಲ್‌ನಲ್ಲಿ ದೊರೆಯದ ಪುಸ್ತಕಗಳನ್ನು ತಾವೇ ಓದಿ ತಿಳಿಸುತ್ತಿದ್ದುದರಿಂದ ಅವರ ದುರ್ಬಲ ಕಣ್ಣುಗಳು ಮತ್ತಷ್ಟು ದಣಿದವು.

ಶಿಷ್ಯೆಯ ವಿಚಾರಗಳು ವಾಸ್ತವವಾಗಿ ಶಿಕ್ಷಕಿಯವೇ ಎಂಬ ಸಂಶಯವೂ ಕೆಲವರಲ್ಲಿತ್ತು. ದುಭಾಷಿಯು ತನ್ನದೇನನ್ನೂ ಸೇರಿಸದೆ ಮಾತನ್ನು ತಲುಪಿಸುತ್ತಾನೆ ಎಂಬ ನಂಬಿಕೆಯಿಲ್ಲದಿದ್ದರೆ, ಅವನನ್ನು ಅವಲಂಬಿಸಿದವರ ಸಾಧನೆಯೂ ಪ್ರಶ್ನೆಗೆ ಒಳಗಾಗುತ್ತದೆ. 1899ರ ಪ್ರವೇಶ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಹೇಳಲು ಸಲಿವನ್ ಅವರಿಗೆ ಅನುಮತಿ ದೊರೆಯಲಿಲ್ಲ. ಪರ್ಕಿನ್ಸ್ ಶಾಲೆಯ ಶಿಕ್ಷಕರೊಬ್ಬರು ಅದನ್ನು ಬ್ರೈಲ್‌ಗೆ ಇಳಿಸಿಕೊಟ್ಟರು. ಕೆಲರ್ ಆ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, 1904ರಲ್ಲಿ ಗೌರವದೊಡನೆ ಬಿ.ಎ. ಪದವಿ ಪಡೆದರು. ಅವೇ ಪಾಠಗಳನ್ನು ನಾಲ್ಕು ವರ್ಷ ಕೇಳಿದ ಸಲಿವನ್ ಅವರಿಗೆ ಪದವಿಯಿರಲಿಲ್ಲ. ಬಹುಕಾಲದ ನಂತರ ಟೆಂಪಲ್ ವಿಶ್ವವಿದ್ಯಾಲಯ ಅವರಿಗೆ ಗೌರವ ಪದವಿ ನೀಡಿತು.

ಕೊನೆಯ ದಿನಗಳು

ಕೊನೆಗಾಲದಲ್ಲಿ ಸಲಿವನ್ ಸಂಪೂರ್ಣವಾಗಿ ದೃಷ್ಟಿ ಕಳೆದುಕೊಂಡರು. 1936ರಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಕೆಥೀಡ್ರಲ್‌ನಲ್ಲಿ ಇರಿಸಲಾಗಿದೆ. ಅವರ ನಂತರ ದುಭಾಷಿಯ ಹೊಣೆಯನ್ನು ಪಾಲಿ ಥಾಮ್ಸನ್ ವಹಿಸಿಕೊಂಡರು. 1955ರಲ್ಲಿ ಕೆಲರ್ ಭಾರತಕ್ಕೆ ಬಂದಾಗ ಅವರ ಜೊತೆಗಿದ್ದವರು ಥಾಮ್ಸನ್.