ಬರಿದಾದ ಬೊಕ್ಕಸದ ದಿವಾನರು

ಗುಂಡ್ಲುಪೇಟೆಯಿಂದ ನೀಲಗಿರಿಯ ದಾರಿ ಹಿಡಿದವರಿಗೆ ಹಂಗಳ ಸಿಗುತ್ತದೆ. ಗೋಪಾಲಸ್ವಾಮಿ ಬೆಟ್ಟದ ದಾರಿ ಕವಲೊಡೆಯುವುದು ಅಲ್ಲಿಯೇ. ಬೆಟ್ಟದ ನೆತ್ತಿಯಲ್ಲಿ ಮಂಜು ಕವಿದಿದ್ದರೂ ಕೆಳಗಿನ ಹೊಲಗಳು ಮಳೆಗಾಗಿ ಬಾಯ್ದೆರೆದುಕೊಂಡಿರುವುದುಂಟು. ಮುಗಿಲನ್ನೇ ನಂಬಿದ ಇಂಥ ಸೀಮೆಯಲ್ಲಿ ನಿಂತಾಗ ಧಾತು-ಈಶ್ವರ ಸಂವತ್ಸರಗಳ ಬರವೂ, ಅದರ ಋಣವನ್ನು ಹೊತ್ತ ದಿವಾನ್ ಸಿ. ರಂಗಾಚಾರ್ಲು ಅವರೂ ನೆನಪಾಗುತ್ತಾರೆ. ಪ್ರಜಾಪ್ರತಿನಿಧಿ ಸಭೆಯ ಸ್ಥಾಪಕರೆಂದು ನಾವು ಅವರನ್ನು ಬಲ್ಲೆವು. ಆ ಸಭೆಯ ಬೆನ್ನಿಗೆ ಬರಿದಾದ ಬೊಕ್ಕಸವೊಂದಿತ್ತೆಂಬುದನ್ನು ಮಾತ್ರ ಮರೆಯುತ್ತೇವೆ.

ರಂಗಾಚಾರ್ಲು ಹುಟ್ಟಿದ್ದು 1831ರಲ್ಲಿ, ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಮದರಾಸು ಸರಕಾರದ ಸೇವೆಯಲ್ಲಿ ನುರಿತವರಾಗಿ, ಮುಮ್ಮಡಿ ಕೃಷ್ಣರಾಜ ಒಡೆಯರು ಗತಿಸಿದ 1868ರಲ್ಲಿ ಅರಮನೆಯ ವ್ಯವಹಾರಗಳನ್ನು ಸರಿಪಡಿಸುವುದಕ್ಕಾಗಿ ಮೈಸೂರಿಗೆ ಬಂದರು. ಆಗ ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು.

1876ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷವೂ ಕರುಣಿಸಲಿಲ್ಲ. ಬೆಂಗಳೂರಿನವರೆಗೆ ರೈಲಿನಲ್ಲಿ ಧಾನ್ಯವೇನೋ ಬಂದಿತು. ಅಲ್ಲಿಂದ ಒಳನಾಡಿಗೆ ಗಾಡಿ ಎಳೆಯಲು ಎತ್ತುಗಳೇ ಉಳಿದಿರಲಿಲ್ಲ. ಮೊದಲು ಗಂಜಿಯ ಕೇಂದ್ರಗಳು ತೆರೆದವು; 1877ರ ಕೊನೆಯ ಭಾಗದಲ್ಲಿ ಎಲಿಯಟ್ ಎಂಬವರು ಕ್ಷಾಮ ಕಮಿಷನರರಾಗಿ ಬಂದಮೇಲೆ ಕೂಲಿ ಕೊಡುವ ದೊಡ್ಡ ಕಾಮಗಾರಿಗಳಿಗೆ ಒತ್ತು ಬಿದ್ದಿತು. ಬೆಂಗಳೂರು-ಮೈಸೂರು ರೈಲುದಾರಿಗೆ ಮಣ್ಣು ಹೊತ್ತವರು ಹಸಿದ ರೈತರೇ.

ಹಾನಿಯ ನಿಜವಾದ ಅಳತೆ ತಿಳಿದದ್ದು ತಡವಾಗಿ. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿದ್ದ ಪ್ರಜೆಗಳು 1881ರಲ್ಲಿ ನಲವತ್ತೆರಡು ಲಕ್ಷವನ್ನೂ ಮುಟ್ಟಲಿಲ್ಲ. ಬೊಕ್ಕಸದಲ್ಲಿದ್ದ 63 ಲಕ್ಷ ರೂಪಾಯಿಗಳ ಉಳಿತಾಯ ಕರಗಿ, 80 ಲಕ್ಷ ರೂಪಾಯಿಗಳ ಸಾಲ ನಿಂತಿತ್ತು. ಹಣದ ಕೊರತೆಯನ್ನು ಎಂದಾದರೂ ತುಂಬಬಹುದು. ಮೊದಲನೆಯ ಕೊರತೆಗೆ ಯಾವ ದಿವಾನನೂ ಪರಿಹಾರ ಕಾಣಲಾರನು.

1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಸೇರಿತು, ರಂಗಾಚಾರ್ಲು ದಿವಾನರಾದರು. ಬ್ರಿಟಿಷರಿಗೆ ಸಲ್ಲಬೇಕಾದ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವುದು ಐದು ವರ್ಷ ಮುಂದಕ್ಕೆ ಹೋದದ್ದೇ ಅವರಿಗೆ ದೊರೆತ ಬಿಡುವು. ಅವರು ವೆಚ್ಚಕ್ಕೆ ಕತ್ತರಿ ಹಾಕಿದರು. ಎಂಟು ಜಿಲ್ಲೆಗಳು ಆರಾದವು. ಹಾಸನ, ಚಿತ್ರದುರ್ಗಗಳು ಜಿಲ್ಲೆಯ ಪಟ್ಟವನ್ನು ಕಳೆದುಕೊಂಡವು. ಈ ಕತ್ತರಿ ಅತಿಯಾಯಿತೆನ್ನುವವರ ಮಾತಿಗೂ ಆಧಾರವುಂಟು. 1886ರಲ್ಲಿ ಆ ಎರಡು ಜಿಲ್ಲೆಗಳನ್ನು ಮತ್ತೆ ಮಾಡಬೇಕಾಯಿತು. ಆದರೆ ಹೀಗೆ ಕೈ ಬಿಗಿಹಿಡಿದವರು ರೈಲುದಾರಿಯ ಕೆಲಸವನ್ನು ನಿಲ್ಲಿಸಲಿಲ್ಲ. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. ಎತ್ತು ಸತ್ತರೂ ಧಾನ್ಯ ಸಾಗಬೇಕೆಂಬುದು ಬರ ಕಲಿಸಿದ ಪಾಠವಾಗಿತ್ತು.

ಇಷ್ಟರಲ್ಲೇ ನಿಂತಿದ್ದರೆ ಅವರನ್ನು ಜಾಣ ಲೆಕ್ಕಿಗರೆಂದು ಹೊಗಳಿ ಸುಮ್ಮನಾಗಬಹುದಿತ್ತು. ಅದೇ 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ಕೂಡಿದರು. ತಾಲ್ಲೂಕು ತಾಲ್ಲೂಕಿನಿಂದ ಬಂದ ರೈತರೂ ವರ್ತಕರೂ ಅವರಲ್ಲಿದ್ದರು. ಕಳೆದ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಯೋಜನೆಯನ್ನೂ ಅವರ ಮುಂದಿಡುವುದು ಸಭೆಯ ಉದ್ದೇಶ. ಮತ ಹಾಕಿ ಸರಕಾರವನ್ನು ತಡೆಯುವ ಅಧಿಕಾರ ಅವರಿಗಿರಲಿಲ್ಲ. ಕೇಳುವ, ಕಷ್ಟ ಹೇಳಿಕೊಳ್ಳುವ ಹಕ್ಕಷ್ಟೇ ಇತ್ತು. ಆದರೂ ಬೊಕ್ಕಸ ತುಂಬಿದ್ದಾಗ ಅದನ್ನು ತೆರೆದು ತೋರಿಸುವುದು ಸುಲಭ. ಸಾಲವಿದ್ದಾಗ ಪ್ರಜೆಯನ್ನು ಕರೆದು ಕೂರಿಸಲು ಎದೆಗಾರಿಕೆ ಬೇಕು.

ದಿವಾನಗಿರಿಗೆ ಎರಡು ವರ್ಷ ತುಂಬುವ ಮೊದಲೇ, 1883ರ ಜನವರಿ 20ರಂದು ರಂಗಾಚಾರ್ಲು ಮದರಾಸಿನಲ್ಲಿ ತೀರಿಕೊಂಡರು. ಮೈಸೂರಿನ ಪುರಭವನ ಅವರ ಹೆಸರನ್ನು ಹೊತ್ತು ನಿಂತಿದೆ.

ಇಂದು ಬರ ಬಂದರೆ ಬೆಳೆಹಾನಿಯ ಸಮೀಕ್ಷೆ ನಡೆಯುತ್ತದೆ, ಪರಿಹಾರದ ಹಣವೂ ಹೊರಡುತ್ತದೆ. ಹೊಲದಿಂದ ಕಚೇರಿಗೆ ಹೋದ ಲೆಕ್ಕ ಮರಳಿ ಹೊಲದವನ ಕಣ್ಣಿಗೆ ಬೀಳುತ್ತದೆಯೇ? ಹಂಗಳದ ರೈತನು ಹಾಗೆಂದು ಕೇಳಿದರೆ, ಆ ಪ್ರಶ್ನೆಗೆ 1881ರಲ್ಲೇ ಬಾಗಿಲು ತೆರೆದವರು ರಂಗಾಚಾರ್ಲು.