ಕೇರಿ ಅನುವಾದ ಮಾಡುತ್ತಿದ್ದ ಮನೆಯಲ್ಲೇ ಬಂದಿಯಾದ ಡೊರೊಥಿ

1817ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದ ಮಿಷನರಿ ವಿಲಿಯಂ ಕೇರಿ ಗೊತ್ತು. ಅವರ ಪತ್ನಿ ಡೊರೊಥಿ?

ಭಾರತಕ್ಕೆ ಬರಲು ಆಕೆಗೆ ಮನಸ್ಸೇ ಇರಲಿಲ್ಲ. ಹೆರಿಗೆಯಾಗಿ ವಾರಗಳಷ್ಟೇ ಕಳೆದಿದ್ದವು. ಸಹೋದರಿ ಜತೆಗೆ ಬರುವುದಾದರೆ ಮಾತ್ರ ಎಂಬ ಷರತ್ತಿನ ಮೇಲೆ 1793ರ ಜೂನ್‌ನಲ್ಲಿ ಇಂಗ್ಲೆಂಡ್ ಬಿಟ್ಟರು. ಮರುವರ್ಷ ಬಂಗಾಳದ ಮುದ್ನಾಬಾಟಿಯಲ್ಲಿ ಐದು ವರ್ಷದ ಮಗ ಪೀಟರ್ ಕಾಯಿಲೆಯಿಂದ ತೀರಿಕೊಂಡ. ಗುಂಡಿ ತೋಡಲೂ ಜನ ಸಿಗುವುದು ಕಷ್ಟವಾಯಿತು.

ಡೊರೊಥಿ ಚೇತರಿಸಿಕೊಳ್ಳಲಿಲ್ಲ. ಮನಸ್ಸಿನ ಹಿಡಿತ ತಪ್ಪಿ ಗಂಡನನ್ನೇ ಅನುಮಾನಿಸತೊಡಗಿದರು. ತಾಯ್ನಾಡಿನಲ್ಲಿ ಗೆಳೆಯರು ಮಿಷನ್‌ಗಾಗಿ ಪ್ರಾರ್ಥಿಸುತ್ತಿದ್ದರು. ಕೇರಿ ಮನೆಯ ಸಂಕಟವನ್ನೂ ಪತ್ರದಲ್ಲಿ ಅವರೆದುರು ತೋಡಿಕೊಂಡರು. ಬೈಬಲ್ ಅನುವಾದ ಮಾತ್ರ ನಿಲ್ಲಲಿಲ್ಲ. ಅದೇ ಮನೆಯಲ್ಲಿ ಆಕೆಯನ್ನು ಕೋಣೆಯಲ್ಲಿ ಕೂಡಿಹಾಕಬೇಕಾಯಿತು.

1807ರ ಡಿಸೆಂಬರ್‌ನಲ್ಲಿ ಶ್ರೀರಾಂಪುರದಲ್ಲಿ ಡೊರೊಥಿ ತೀರಿಕೊಂಡರು. ಮುಂದಿನ ಮೇ ತಿಂಗಳಲ್ಲಿ ಕೇರಿ ಮರುಮದುವೆಯಾದರು.