ನಗಿಸಿದಾಕೆಯ ಮರೆಯ ನೋವು: ಮಾರ್ಗರೆಟ್ ರುದರ್‌ಫರ್ಡ್

ಶಿವಾಜಿನಗರದ ಸಂತ ಮರಿಯಮ್ಮನವರ ಮಹಾದೇವಾಲಯದಲ್ಲಿ ಬಲಿಪೂಜೆ ಮುಗಿಸಿಕೊಂಡು, ಹಾಗೆಯೇ ರಸೆಲ್ ಮಾರುಕಟ್ಟೆಗೆ ನಡೆದುಹೋಗಿ ಹೂವು ಹಣ್ಣು ಮಾಂಸ ಕೊಂಡು ಮನೆ ಸೇರುವುದು ನಮ್ಮ ಎಷ್ಟೋ ಕುಟುಂಬಗಳ ಹಳೆಯ ವಾಡಿಕೆ. ನಾವು ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಆ ಮಾರುಕಟ್ಟೆಯಲ್ಲಿ ಒಬ್ಬ ವೃದ್ಧೆಯನ್ನು ಕಾಣುತ್ತಿದ್ದೆವು. ಆಂಗ್ಲೋ ಇಂಡಿಯನ್ ಹೆಂಗಸು. ಸ್ಥೂಲಕಾಯ, ತಲೆಗೆ ಹಳೆಯ ಟೋಪಿ, ಬೇಸಗೆಯಲ್ಲೂ ಮೈಮೇಲೆ ಉಣ್ಣೆಯ ಹೊದಿಕೆ. ಕಿತ್ತಳೆ ಆರಿಸುತ್ತಾ ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ಮಾತನಾಡಿಕೊಳ್ಳುವರು. ಅಂಗಡಿಯ ಹುಡುಗರು ನಗುತ್ತಿದ್ದರು. ನಾವೂ ನಕ್ಕೆವು. ಕೆಲವು ವರ್ಷಗಳ ಮೇಲೆ ಒಂದು ಹಳೆಯ ಇಂಗ್ಲಿಷ್ ಚಿತ್ರದಲ್ಲಿ ಮಾರ್ಗರೆಟ್ ರುದರ್‌ಫರ್ಡ್ ಎಂಬ ನಟಿಯನ್ನು ಕಂಡಾಗ ಅದೇ ಟೋಪಿ, ಅದೇ ನಡಿಗೆ, ಅದೇ ನಡುಗುವ ಗದ್ದ ಎನಿಸಿ ಮತ್ತೊಮ್ಮೆ ನಕ್ಕೆವು. ಆಕೆಯ ಬಾಳಿನ ಕಥೆ ತಿಳಿದ ಮೇಲೆ ಮಾತ್ರ ಆ ಎರಡು ನಗೆಗಳಲ್ಲಿ ಮೊದಲನೆಯದು ನಮಗೆ ನಾಚಿಕೆ ತಂದಿತು.

ಆ ಕಥೆಯ ಮೊದಲ ಪುಟಗಳು ನಮಗೆ ದೂರದವಲ್ಲ. ನಮ್ಮ ನೆರೆಯ ಮದರಾಸಿನವು. ಮಾರ್ಗರೆಟ್ ಜನಿಸಿದ್ದು 1892ರ ಮೇ 11ರಂದು, ಲಂಡನ್ನಿನಲ್ಲಿ. ತಂದೆ ವಿಲಿಯಂ ಬೆನ್. ಮದುವೆಯಾದ ಕೆಲವೇ ತಿಂಗಳಲ್ಲಿ ಆತನ ಚಿತ್ತ ಕೆಟ್ಟಿತ್ತು. 1883ರಲ್ಲಿ ಅದೇ ಸ್ಥಿತಿಯಲ್ಲಿ ಆತ ತನ್ನ ಹೆತ್ತ ತಂದೆಯನ್ನೇ, ಪ್ರೊಟೆಸ್ಟೆಂಟ್ ಸಭೆಯೊಂದರ ಬೋಧಕರನ್ನು, ಹೊಡೆದು ಕೊಂದುಬಿಟ್ಟನು. ನ್ಯಾಯಾಲಯ ಆತನನ್ನು ಗಲ್ಲಿಗೇರಿಸಲಿಲ್ಲ. ಬ್ರಾಡ್‌ಮೂರ್ ಎಂಬ, ಮತಿಗೆಟ್ಟ ಅಪರಾಧಿಗಳ ಆಸ್ಪತ್ರೆಗೆ ಕಳುಹಿಸಿತು. 1890ರಲ್ಲಿ ಬಿಡುಗಡೆ ಹೊಂದಿದ ಆತ, ಮನೆತನದ ಹೆಸರನ್ನು ಕಳಚಿ ರುದರ್‌ಫರ್ಡ್ ಎಂದು ಕರೆದುಕೊಂಡು, ಹೆಂಡತಿ ಮತ್ತು ಹಸುಗೂಸಿನೊಡನೆ ಮದರಾಸಿಗೆ ಬಂದನು. ಹೊಸ ಊರು ಹೊಸ ಬಾಳನ್ನು ಕೊಡುವುದೆಂದು ನಂಬಿದ್ದರೇನೋ. ಅಲ್ಲಿಯೇ, ಮತ್ತೊಮ್ಮೆ ಗರ್ಭಿಣಿಯಾಗಿದ್ದ ತಾಯಿ ಫ್ಲಾರೆನ್ಸ್ ಒಂದು ಮರಕ್ಕೆ ನೇಣು ಹಾಕಿಕೊಂಡಳು. ಮಗಳಿಗೆ ಆಗ ಮೂರು ವರ್ಷ.

ಮಗುವನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ತಾಯಿಯ ಅಕ್ಕರೆಯ ಸೋದರಿ ಬೆಸ್ಸಿ ವಿಂಬಲ್ಡನ್ನಿನಲ್ಲಿ ಸ್ವಂತ ಮಗಳಂತೆ ಸಾಕಿದರು. ಆದರೆ ನಿಜವನ್ನು ಹೇಳಲಿಲ್ಲ. ತಂದೆಯೂ ತೀರಿಕೊಂಡನೆಂದೇ ಮಗುವಿಗೆ ತಿಳಿಸಲಾಗಿತ್ತು. ಹುಡುಗಿ ಹದಿಹರೆಯದ ಹೊಸ್ತಿಲಿಗೆ ಬಂದಾಗ, ಸತ್ತ ತಂದೆ ಬದುಕಿದ್ದಾನೆ, ಮತ್ತೆ ಬ್ರಾಡ್‌ಮೂರಿನಲ್ಲಿದ್ದಾನೆ ಎಂಬ ಸಂಗತಿ ಕಿವಿಗೆ ಬಿತ್ತು. ಅಂದಿನಿಂದ, ತನ್ನ ರಕ್ತದಲ್ಲಿಯೂ ಅದೇ ರೋಗ ಹರಿಯುತ್ತಿರಬಹುದೆಂಬ ಭಯ ಆಕೆಯನ್ನು ಜೀವಮಾನವಿಡೀ ಬಿಡಲಿಲ್ಲ. ತಂದೆ 1921ರವರೆಗೆ ಅಲ್ಲಿಯೇ ಬದುಕಿ ಅಲ್ಲಿಯೇ ಸತ್ತನು. (ಇದೇ ಮನೆತನದ ವಿಲಿಯಂ ವೆಜ್‌ವುಡ್ ಬೆನ್, ಮಾರ್ಗರೆಟ್ಟಳ ದೊಡ್ಡಪ್ಪನ ಮಗ, 1929ರಿಂದ 1931ರವರೆಗೆ, ಅಂದರೆ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ, ಲಂಡನ್ನಿನ ಸರಕಾರದಲ್ಲಿ ಭಾರತ ಖಾತೆಯ ಮಂತ್ರಿಯಾಗಿದ್ದರು.)

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಪಾಲನಾ ಸೇವೆಯಲ್ಲಿ ನಾವು ಕಂಡ ಮನೆಗಳಲ್ಲಿ ಹೀಗೆ ಮುಚ್ಚಿಟ್ಟ ಕೋಣೆಗಳು ಕಡಮೆಯಿಲ್ಲ. ಮದುವೆಯ ಮಾತುಕತೆಯ ದಿನ ಚಿಕ್ಕಪ್ಪನನ್ನು ಬೇರೊಬ್ಬರ ಮನೆಗೆ ಸಾಗಿಸುವುದು, ನೇಣಿಗೆ ಶರಣಾದ ಅತ್ತೆಯ ಭಾವಚಿತ್ರವನ್ನು ಗೋಡೆಯಿಂದ ಇಳಿಸುವುದು. ಧರ್ಮಸಭೆಯೂ ಒಂದು ಕಾಲದಲ್ಲಿ, ತಿಳಿದು ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿ ಆ ನಿಷೇಧವಿಲ್ಲ. ತೀವ್ರ ಮನೋವೇದನೆ ಮನುಷ್ಯನ ಹೊಣೆಯನ್ನು ಕುಗ್ಗಿಸುವುದೆಂದು 1992ರ ಕಥೋಲಿಕ ಧರ್ಮೋಪದೇಶ ಸ್ಪಷ್ಟವಾಗಿ ಬೋಧಿಸುತ್ತದೆ. ಕಾನೂನು ಬದಲಾದಷ್ಟು ಬೇಗ ನಮ್ಮ ಮನೆಗಳ ಗೋಡೆಗಳು ಬದಲಾಗಿಲ್ಲ.

ಮಾರ್ಗರೆಟ್ ಬಹುಕಾಲ ಮಕ್ಕಳಿಗೆ ಪಿಯಾನೊ ಮತ್ತು ಮಾತುಗಾರಿಕೆ ಕಲಿಸುತ್ತಾ ಇದ್ದವರು. ಬೆಸ್ಸಿ ತೀರಿಕೊಂಡು, ಅವರು ಬಿಟ್ಟುಹೋದ ಅಷ್ಟಿಷ್ಟು ಹಣ ಕೈಸೇರಿದ ಮೇಲೆಯೇ ನಾಟಕದ ಕನಸಿಗೆ ದಾರಿಯಾಯಿತು. 1925ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಶಾಲೆಯ ಮೂಲಕ ವೇದಿಕೆ ಏರಿದಾಗ ವಯಸ್ಸು ಮೂವತ್ತಮೂರು. ರೂಪಸಿಯಲ್ಲ, ನಾಯಕಿಯಾಗುವ ಸಂಭವವಿಲ್ಲ. ಮೊದಲ ಚಲನಚಿತ್ರ 1936ರಲ್ಲಿ, ನಲವತ್ತನಾಲ್ಕರಲ್ಲಿ. ಆಕೆ ಬಯಸಿದ್ದು ಗಂಭೀರ ಪಾತ್ರಗಳನ್ನು. ಪ್ರೇಕ್ಷಕರು ಕೊಟ್ಟದ್ದು ನಗೆಯನ್ನು. ಆ ನಗೆ ಆಕೆಗೆ ಕೊನೆಯವರೆಗೂ ಸ್ವಲ್ಪ ವಿಸ್ಮಯವೇ.

1941ರಲ್ಲಿ ನೊಯೆಲ್ ಕವರ್ಡ್ ತಮ್ಮ ಬ್ಲೈತ್ ಸ್ಪಿರಿಟ್ ನಾಟಕದಲ್ಲಿ, ಸೈಕಲ್ ತುಳಿದುಕೊಂಡು ಬಂದು ಪ್ರೇತಗಳನ್ನು ಕರೆಯುವ ಮೇಡಂ ಅರ್ಕಾಟಿಯ ಪಾತ್ರವನ್ನು ಆಕೆಗೆ ಕೊಟ್ಟರು. ಪ್ರೇತಾವಾಹನೆಯನ್ನು ಮನಸಾರೆ ನಂಬುವವರನ್ನು ಗೇಲಿ ಮಾಡುವುದು ತರವಲ್ಲವೆಂದು ಆಕೆ ಮೊದಲು ಹಿಂಜರಿದರು. ಕೊನೆಗೆ ಒಪ್ಪಿದ್ದು, ಆ ಹೆಂಗಸನ್ನು ಪೂರ್ಣ ಪ್ರಾಮಾಣಿಕಳೆಂದೇ ಭಾವಿಸಿ ನಟಿಸುವ ನಿಶ್ಚಯದಿಂದ. ಜನ ಬಿದ್ದುಬಿದ್ದು ನಕ್ಕರು. 1945ರಲ್ಲಿ ಅದನ್ನು ತೆರೆಗೆ ತಂದವರು ಡೇವಿಡ್ ಲೀನ್; ಮುಂದೆ ಎ ಪ್ಯಾಸೇಜ್ ಟು ಇಂಡಿಯಾ ಚಿತ್ರಕ್ಕಾಗಿ ನಮ್ಮ ಬೆಂಗಳೂರಿಗೂ ಸಾವನದುರ್ಗದ ಬಂಡೆಗಳಿಗೂ ಬಂದರಲ್ಲ, ಅವರೇ.

ಬೆರ್ಗ್‌ಸನ್ ಎಂಬ ಫ್ರೆಂಚ್ ತತ್ವಜ್ಞಾನಿ ನಗೆಯನ್ನು ಕುರಿತು ಬರೆಯುತ್ತಾ, ನಗಬೇಕಾದರೆ ಹೃದಯ ಒಂದು ಕ್ಷಣ ಮರಗಟ್ಟಿರಬೇಕೆಂಬ ಅರ್ಥದ ವಾದ ಮಂಡಿಸಿದ್ದಾರೆ. ಗುರುಮಠದಲ್ಲಿ ಅದನ್ನು ಓದಿ ತಲೆದೂಗಿದ್ದೆವು. ರಸೆಲ್ ಮಾರುಕಟ್ಟೆಯ ನಮ್ಮ ನಗೆಗೆ ಅದು ಸರಿಯಾಗಿಯೇ ಹೊಂದುತ್ತದೆ. ಮಾರ್ಗರೆಟ್ ಎಬ್ಬಿಸುವ ನಗೆಗೆ ಮಾತ್ರ ಹೊಂದುವುದಿಲ್ಲ. ಪಾಸ್‌ಪೋರ್ಟ್ ಟು ಪಿಮ್ಲಿಕೊ ಚಿತ್ರದ ಇತಿಹಾಸ ಪಂಡಿತೆಯಾಗಲಿ, ದಿ ಹ್ಯಾಪಿಯೆಸ್ಟ್ ಡೇಸ್ ಆಫ್ ಯುವರ್ ಲೈಫ್ ಚಿತ್ರದಲ್ಲಿ ಸರಕಾರದ ತಪ್ಪಿನಿಂದ ಗಂಡುಮಕ್ಕಳ ಶಾಲೆಗೆ ತನ್ನ ಹುಡುಗಿಯರೊಡನೆ ಬಂದಿಳಿಯುವ ಮುಖ್ಯೋಪಾಧ್ಯಾಯಿನಿಯಾಗಲಿ, ಯಾರೂ ತಮ್ಮನ್ನು ಹಾಸ್ಯಾಸ್ಪದರೆಂದು ತಿಳಿದಿಲ್ಲ. ವಿಚಿತ್ರ ಹೆಂಗಸರ ಪರವಾಗಿ ಆಕೆ ನಿಂತಿದ್ದಾರೆ. ನಗುತ್ತಲೇ ನಾವೂ ಅವರ ಪಕ್ಕಕ್ಕೆ ಸರಿಯುತ್ತೇವೆ.

ನಮಗೆ ಅತ್ಯಂತ ಪ್ರಿಯವಾದದ್ದು 1957ರ ದಿ ಸ್ಮಾಲೆಸ್ಟ್ ಶೋ ಆನ್ ಅರ್ತ್. ರೈಲು ಹಾದುಹೋದಾಗಲೆಲ್ಲ ನಡುಗುವ ಒಂದು ಮುರುಕು ಟಾಕೀಸು ಯುವ ದಂಪತಿಗೆ ಪಿತ್ರಾರ್ಜಿತವಾಗಿ ಬರುತ್ತದೆ. ಜೊತೆಗೆ ಮೂವರು ಮುದಿ ನೌಕರರು. ಟಿಕೆಟ್ ಕೊಡುವ ವೃದ್ಧೆ ಮಾರ್ಗರೆಟ್, ಯಂತ್ರ ನಡೆಸುವವನು ಪೀಟರ್ ಸೆಲ್ಲರ್ಸ್. ಒಂದು ರಾತ್ರಿ, ಆಟ ಮುಗಿದು ಎಲ್ಲರೂ ಹೋದ ಮೇಲೆ, ಈ ಮೂವರು ತಮಗಾಗಿಯೇ ಒಂದು ಮೂಕಿ ಚಿತ್ರವನ್ನು ಹಾಕಿಕೊಳ್ಳುತ್ತಾರೆ. ಆಕೆ ಪಿಯಾನೊ ನುಡಿಸುತ್ತಾರೆ. ಬಾಗಿಲ ಬಳಿ ನಿಂತ ದಂಪತಿ ನಗುವುದಿಲ್ಲ. ನಮಗೂ ನಗೆ ಬರುವುದಿಲ್ಲ. ಶಿವಾಜಿನಗರದ ಎಲ್ಗಿನ್ ಟಾಕೀಸನ್ನೂ ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾವನ್ನೂ ಬಲ್ಲ ಹಿರಿಯರು ಈ ಚಿತ್ರವನ್ನು ಒಮ್ಮೆ ನೋಡಬೇಕು.

1961ರಿಂದ 1964ರವರೆಗೆ ನಾಲ್ಕು ಚಿತ್ರಗಳಲ್ಲಿ ಆಕೆ ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ ಆಗಿ ಲೋಕಪ್ರಸಿದ್ಧರಾದರು. ಕೊಲೆಯ ಕಥೆಗಳೆಂದು ಮೊದಲು ಬೇಡವೆಂದಿದ್ದರು. ಕಾರಣವನ್ನು ಅಂದು ಬಲ್ಲವರು ಬೆರಳೆಣಿಕೆಯ ಮಂದಿ. 1964ರಲ್ಲಿ ದಿ ವಿ.ಐ.ಪಿ.ಸ್ ಚಿತ್ರದ ಬಡ ಡಚೆಸ್ ಪಾತ್ರಕ್ಕೆ, ಎಪ್ಪತ್ತೊಂದರ ವಯಸ್ಸಿನಲ್ಲಿ, ಪೋಷಕ ನಟಿಯ ಆಸ್ಕರ್ ಬಂತು. ಇಪ್ಪತ್ತೊಂದು ವರ್ಷಗಳ ಮೇಲೆ ಅದೇ ಪ್ರಶಸ್ತಿ ಲೀನ್ ಅವರ ಆ ಬೆಂಗಳೂರಿನ ಚಿತ್ರಕ್ಕಾಗಿ ಪೆಗಿ ಆಶ್‌ಕ್ರಾಫ್ಟ್ ಅವರಿಗೆ ಸಂದಿತು. 1967ರಲ್ಲಿ ಮಾರ್ಗರೆಟ್ ಡೇಮ್ ಪದವಿ ಪಡೆದರು.

ಇಷ್ಟೆಲ್ಲದರ ನಡುವೆ ಆಕೆ ಆಗಾಗ ಮಾಯವಾಗುತ್ತಿದ್ದರು. ಖಿನ್ನತೆ ಕವಿದಾಗ ಆಸ್ಪತ್ರೆ, ವಿದ್ಯುತ್ ಚಿಕಿತ್ಸೆ. ಹೊರಗೆ ಸುದ್ದಿ ಹೋಗದಂತೆ ಕಾದವರು ಪತಿ ಸ್ಟ್ರಿಂಜರ್ ಡೇವಿಸ್. ಅವರೂ ನಟ, ತಾಯಿಯ ವಿರೋಧದಿಂದಾಗಿ, ಪರಿಚಯವಾಗಿ ಹದಿನೈದು ವರ್ಷ ಕಾದು 1945ರಲ್ಲಿ ಮದುವೆಯಾದವರು. ಮಾರ್ಪಲ್ ಚಿತ್ರಗಳಲ್ಲಿ ಪುಸ್ತಕಾಲಯದ ಅಂಜುಬುರುಕ ಮಿತ್ರನಾಗಿ ಕಾಣುವವರು ಅವರೇ. ಮನೆಯಲ್ಲಿ ಅಡುಗೆ ಮಾಡಿ, ಪತ್ರ ಬರೆದು, ರಾತ್ರಿಯೆಲ್ಲ ಬಳಿಯಲ್ಲಿ ಕುಳಿತು ಹೆಂಡತಿಯ ಶುಶ್ರೂಷೆ ನಡೆಸಿದರು. ಗುಟ್ಟನ್ನು ಕಾಯುವುದನ್ನು ಮೇಲೆ ನಾವು ದೂರಿದ್ದುಂಟು. ಈ ಮನುಷ್ಯ ಕಾದ ಗುಟ್ಟು ಬೇರೆ ಜಾತಿಯದು: ಲೋಕದಿಂದ ಮರೆಮಾಡಿದರು, ರೋಗಿಯಿಂದ ಮುಖ ತಿರುಗಿಸಲಿಲ್ಲ.

ಕೊನೆಯ ವರ್ಷಗಳಲ್ಲಿ ಆಕೆಯ ನೆನಪೂ ಕಳೆದುಹೋಯಿತು. 1972ರ ಮೇ 22ರಂದು, ಎಂಬತ್ತರ ವಯಸ್ಸಿನಲ್ಲಿ, ಬಕಿಂಗ್‌ಹ್ಯಾಂಶೈರಿನ ಮನೆಯಲ್ಲಿ ತೀರಿಕೊಂಡರು. ಸ್ಟ್ರಿಂಜರ್ ಮರುವರ್ಷದ ಆಗಸ್ಟಿನವರೆಗೆ ಮಾತ್ರ ಬದುಕಿದ್ದರು. ಜೆರಾರ್ಡ್ಸ್ ಕ್ರಾಸ್ ಎಂಬ ಊರಿನ ಸಂತ ಯಾಕೋಬರ ದೇವಾಲಯದ ಅಂಗಳದಲ್ಲಿ ಇಬ್ಬರನ್ನೂ ಒಟ್ಟಿಗೆ ಮಣ್ಣು ಮಾಡಲಾಗಿದೆ.